ಹುಣಸೆನೀರಿನಲ್ಲಿ ಕರಗಿದ ಸರದಾರ

ನಾನು ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಚಿತ್ರ. ಆನೆದಂತದ ತೆಳು ಬಿಲ್ಲೆ ನನ್ನ ಮೈ, ಅದರ ಮೇಲೆ ನೀರುಬಣ್ಣ. ಇನ್ನೂರೈವತ್ತು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಒಂದು ಮನೆಯಲ್ಲಿ ಹುಟ್ಟಿದೆ. ಕುದುರೆಪಡೆಯ ಸರದಾರ ಚೆಲುವರಾಜೇ ಅರಸರು ಯುದ್ಧಕ್ಕೆ ಹೊರಡುವ ಮುಂಚೆ ನನ್ನನ್ನು ಬರೆಸಿದರು. ಅವರ ಹೆಂಡತಿ ದೇವಾಜಮ್ಮಣ್ಣಿ ಆಗ ತುಂಬಿದ ಬಸುರಿ.

"ನಗಬೇಡಿ ಬುದ್ಧಿ, ಮೀಸೆ ಸೊಟ್ಟಗಾಗುತ್ತೆ," ಎಂದ ಚಿತ್ರಗಾರ ನಂಜಯ್ಯ.

"ನಗದಿದ್ದರೆ ಹುಟ್ಟೋ ಮಗು ಹೆದರಿಕೊಳ್ಳುತ್ತಲ್ಲಯ್ಯಾ," ಎಂದರು ಅರಸರು.

ಅವರು ಮರಳಲಿಲ್ಲ. ಅವರ ಕತ್ತಿಯೊಂದೇ ಮರಳಿ ಬಂತು. ಮಗಳು ಪುಟ್ಟಿ ಹುಟ್ಟಿದಳು. ಪುಟ್ಟಿಗೆ ಅಪ್ಪಾಜಿ ಎಂದರೆ ನಾನೇ. ಉಂಡದ್ದು, ಜಾರಿ ಬಿದ್ದದ್ದು, ಯಾರೋ ಬೈದದ್ದು, ಎಲ್ಲ ನನಗೆ ಹೇಳುತ್ತಿದ್ದಳು. ನನಗೆ ಉತ್ತರ ಕೊಡಲು ಬಾಯಿಲ್ಲ. ಇನ್ನೊಬ್ಬರ ಮುಖವಾಗಿರುವ ಸುಸ್ತು ಆಗಿನಿಂದಲೇ ಶುರುವಾಯಿತೇನೋ.

ಅವಳ ಹತ್ತನೇ ವರ್ಷದ ಆಯುಧಪೂಜೆ. ಹಿತ್ತಲಲ್ಲಿ ಕತ್ತಿಯನ್ನು ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದರು. ಕತ್ತಿಗೇ ಇಷ್ಟು ಉಪಚಾರವಾದರೆ ಕತ್ತಿ ಹಿಡಿದವರಿಗೆ ಬೇಡವೇ ಅನ್ನಿಸಿತು ಪುಟ್ಟಿಗೆ. ನನ್ನನ್ನು ಡಬ್ಬಿಯಿಂದ ತೆಗೆದು, ಚೌಕಟ್ಟಿನಿಂದ ಬಿಡಿಸಿ, ಹುಣಸೆನೀರಿನಲ್ಲಿ ಹೆಬ್ಬೆರಳಿಂದ ಮೆಲ್ಲಗೆ, ತುಂಬ ಪ್ರೀತಿಯಿಂದ ಉಜ್ಜಿದಳು. ಅಂಚಿನಲ್ಲಿ ಪೇಟದ ತುಂಡೊಂದು ಉಳಿಯಿತು. ಮುಖ ಹೋಯಿತು.

ತಾಯಿ ಬೈಯಲಿಲ್ಲ. ನಂಜಯ್ಯನಿಗೆ ಹೇಳಿಕಳಿಸಿದರು. ಅವನಿಗೂ ವಯಸ್ಸಾಗಿತ್ತು.

"ನೂರಾರು ಮುಖ ಬರೆದೆ ತಾಯಿ, ಬುದ್ಧಿಯವರದ್ದು ಜ್ಞಾಪಕಕ್ಕೆ ಬರ್ತಿಲ್ಲ. ಮೂಗು ಹೇಗಿತ್ತು, ನೀವೇ ಹೇಳಿ."

ದೇವಾಜಮ್ಮಣ್ಣಿ ಗಾಳಿಯಲ್ಲಿ ಒಂದು ಮೂಗು ಬರೆಯಹೊರಟು ಬೆರಳು ಮಡಚಿಕೊಂಡರು.

"ಚಿತ್ರ ಇತ್ತಲ್ಲ ಅಂತ ನಾನು ನೆನಪಿಟ್ಟುಕೊಳ್ಳಲೇ ಇಲ್ಲ, ನಂಜಯ್ಯ."

ಕಂಬದ ಹಿಂದೆ ಪುಟ್ಟಿ ಬಿಕ್ಕುತ್ತಿದ್ದಳು. ತಾಯಿ ಅವಳ ಕಡೆ ತಿರುಗಿ, ಬಹಳ ಹೊತ್ತು ನೋಡಿದರು.

"ಇವಳನ್ನು ಎದುರಿಗೆ ಕೂರಿಸಿಕೊಂಡು ಅವರ ಮುಖ ಬರಿ. ಹುಟ್ಟಿದಾಗ ಎಲ್ಲರೂ ಅಪ್ಪನ ಅಚ್ಚು ಅಂದಿದ್ದರು."

"ಮೀಸೆ?"

"ಅದನ್ನು ನೀನೇ ಹಾಕಿಕೋ."

ಅವನು ಹಾಗೇ ಬರೆದ. ಒಣಗಿದ ಮೇಲೆ ಪುಟ್ಟಿ ನನ್ನನ್ನು ಕೈಗೆತ್ತಿಕೊಂಡಳು.

"ಅಪ್ಪಾಜಿ ಹೀಗೇ ಇದ್ದರಾ ಅವ್ವಾ?"

"ಹೀಗೇ ಇದ್ದರು."

ಅವಳಿಗೆ ನಂಬಲೇಬೇಕಿತ್ತು, ನಂಬಿದಳು, ಅಳು ನಿಲ್ಲಿಸಿದಳು. ದೇವಾಜಮ್ಮಣ್ಣಿ ಮಾತ್ರ ಆಮೇಲೆ ನನ್ನ ಡಬ್ಬಿ ತೆರೆಯಲಿಲ್ಲ. ಗಂಡನನ್ನು ನೋಡಬೇಕು ಅನ್ನಿಸಿದಾಗ "ಬಾ, ತಲೆ ಬಾಚ್ತೀನಿ" ಎಂದು ಮಗಳನ್ನು ಕರೆದು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಹಿಂದಿನಿಂದ ಬಾಚಿದರೆ ಸುಲಭ ಅಂತ ಯಾರೂ ಅವರಿಗೆ ಹೇಳಲಿಲ್ಲ.

ಪುಟ್ಟಿಯ ಮದುವೆಯಲ್ಲಿ ಅವಳ ಜೊತೆ ಹೋದೆ. ಅವಳ ಮಕ್ಕಳು, ಮೊಮ್ಮಕ್ಕಳು, ಹಳೇ ಸಾಮಾನಿನ ಅಂಗಡಿ, ಕೊನೆಗೆ ಈ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ. ಬಂದವರು ಬಗ್ಗಿ ನೋಡಿ "ಎಂಥ ವೀರಕಳೆ" ಅನ್ನುತ್ತಾರೆ. ನಿಜ ಹೇಳಬೇಕೆಂದರೆ, ತೊಳೆದುಹೋದ ಮೇಲೆ ಅರಸರ ಮುಖ ನನಗೂ ಗೊತ್ತಿಲ್ಲ. ಗೊತ್ತಿದ್ದವರು ಯಾರೂ ಉಳಿದಿಲ್ಲ.

ಐದೂವರೆಗೆ ಕಾವಲುಗಾರ ದೀಪ ಆರಿಸುತ್ತಾನೆ. ಅಲ್ಲಿಂದ ಬೆಳಗಿನ ತನಕ ನಾನು ಯಾರ ಮುಖವೂ ಆಗಿರಬೇಕಿಲ್ಲ.