ಗೆರೆಯ ಕೆಳಗಿನ ಮಾತು

ಬಿಸ್ಕತ್ತು ಅರ್ಧಕ್ಕೆ ಮುರಿದು ಚಹಾದೊಳಗೆ ಬಿತ್ತು, ಸಾಹೇಬರು ಎರಡು ಬೆರಳು ಅದ್ದಿ ಅದನ್ನು ಹುಡುಕುತ್ತಿದ್ದಾರೆ, ಥೂ, ಇನ್ನು ಅದೇ ಬೆರಳಲ್ಲಿ ಕಡತ ಮುಟ್ಟುತ್ತಾರೆ, ಅದೇ ಬೆರಳಲ್ಲಿ ರುಜು ಹಾಕುತ್ತಾರೆ, ಸಿದ್ದಯ್ಯ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ನೋಡುತ್ತಾ ಉಗುಳು ನುಂಗಿದ — ತಿಪ್ಪಸಂದ್ರದಿಂದ ಎರಡು ಬಸ್ಸು ಬದಲಾಯಿಸಿ ಬಂದದ್ದು ಈ ಭಾಗ್ಯ ನೋಡುವುದಕ್ಕೆ, ರಾಮನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿಲ್ಲ, ಕಚೇರಿಯ ಬೋರ್ಡಿನ ಬಣ್ಣ ಹಸಿಯಾಗಿದೆ, ಒಳಗೆ ಮಾತ್ರ ಆಗಲೇ ಹಳೇ ಕಡತಗಳ ಗಬ್ಬು. ಕೈಯಲ್ಲಿರುವುದು ಇವರೇ ಕಳಿಸಿದ ಕಾಗದ, ಓದಿ ಓದಿ ಬಾಯಿಪಾಠವಾಗಿಬಿಟ್ಟಿದೆ, ತಾವು ಮಾಹಿತಿ ಹಕ್ಕಿನಡಿ ಕೋರಿರುವ ಹಾಳೆಯು ವದಂತಿ ತಡೆಗಟ್ಟುವ ಬಗ್ಗೆ ಇಲಾಖೆಯ ಆಂತರಿಕ ಸಲಹೆಯಾಗಿದ್ದು, ಬಹಿರಂಗಪಡಿಸಿದಲ್ಲಿ ಸಾರ್ವಜನಿಕರಲ್ಲಿ ತಪ್ಪು ತಿಳಿವಳಿಕೆ ಉಂಟಾಗುವ ಸಂಭವ ಇರುವುದರಿಂದ ನೀಡಲು ಬರುವುದಿಲ್ಲ, ಆಹಾ, ಏನು ಕಾಳಜಿ, ಇವರ ಕಾಳಜಿಗೆ ಬೆಂಕಿ ಹಾಕ. ಆ ಹಾಳೆಯನ್ನು ಹದಿನಾಲ್ಕು ಊರಲ್ಲಿ ಮೈಕಿಟ್ಟು ಓದಿದವನೇ ಅವನು! ಆಟೋ ಅವನದು, ಮೈಕು ಅವನದು, ಗಂಟಲು ಅವನದು, ಸಂಜೆ ಇಲಾಖೆಯ ಜೀಪಿನವರು ಬಂದು ಹಾಳೆ ಮಾತ್ರ ಮರೆಯದೆ ವಾಪಸು ಇಸ್ಕೊಂಡು ಹೋದರು, ಹೋಗಲಿ ಬಿಡು ನಮಗ್ಯಾಕೆ ಅಂದುಕೊಂಡಿದ್ದ, ಎಂಥ ದಡ್ಡ.

ಇಪ್ಪತ್ತು ವರ್ಷದಿಂದ ಕೂಗಿದ್ದಾನೆ, ಟೂರಿಂಗ್ ಟಾಕೀಸಿನ ಸಿನಿಮಾ ಕೂಗಿದ್ದಾನೆ, ಡೈರಿಯ ಮೀಟಿಂಗು, ಕಣ್ಣಿನ ಕ್ಯಾಂಪು, ಕರೆಂಟು ಹೋಗುವ ದಿನ, ಒಂದು ದಿನವೂ ಕೂಗಿದ್ದು ಸುಳ್ಳಾಗಿರಲಿಲ್ಲ, ಅದಕ್ಕೇ ಪಕ್ಕದ ಮನೆಯ ಬೋರಮ್ಮ ಯಾರು ಏನು ಹೇಳಿದರೂ ತಲೆ ಅಲ್ಲಾಡಿಸಿ, ನಮ್ ಸಿದ್ದ ಕೂಗ್ಲಿ ತಡೀರಿ, ಆಮ್ಯಾಕೆ ನೋಡನ, ಅನ್ನುತ್ತಿದ್ದಳು. ಅಕ್ಕ ಅಂತಲೇ ಕರೆಯುವುದು ಅವಳನ್ನ, ಇವನ ಹೆಂಡತಿ ಹೆರಿಗೆಗೆ ಹೋದಾಗ ಮೂರು ತಿಂಗಳು ಮುದ್ದೆ ಹಾಕಿದವಳು. ಗುಡ್ಡದ ಆಚೆ ಕಬ್ಬಿಣ ಕರಗಿಸುವ ಕಾರ್ಖಾನೆ ಬಂದ ಮೇಲೆ ಹಿಪ್ಪುನೇರಳೆ ಎಲೆಯ ಮೇಲೆ ಮಸಿ ಕೂರತೊಡಗಿತು, ಮೊದಲು ಕೆಂಪರಾಜುವಿನ ರೇಷ್ಮೆಹುಳು ಸತ್ತವು, ಅವನು ಊರೆಲ್ಲ ತಿರುಗಿ, ಹೊಗೆ ಬಿದ್ದ ಎಲೆ ಹಾಕ್ಬ್ಯಾಡಿ ಕಣ್ರಲಾ, ವಿಸ ಐತೆ, ಅಂದ, ಅಕ್ಕ ಹೆದರಿ ಸೋಲೂರಿನ ಕಡೆಯಿಂದ ಎಲೆ ಮೂಟೆ ಬಸ್ಸಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದಳು, ದಿನಾ ಎರಡು ಸಲ, ಅರವತ್ತರ ಹೆಂಗಸು, ಕತ್ತು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆಗ ಇವನು ಆಟೋದಲ್ಲಿ ಕೂತು, ಮಹಾಜನಗಳೇ, ಕಿಡಿಗೇಡಿಗಳ ಸುಳ್ಳು ಸುದ್ದಿಗೆ ಕಿವಿಗೊಡಬೇಡಿ, ಎಲೆಯ ಪರೀಕ್ಷೆಯಾಗಿದೆ, ನಿರ್ಭಯವಾಗಿ ಹುಳುವಿಗೆ ಹಾಕಿ — ಎಂಥ ಠೀವಿ, ಎಂಥ ಉಚ್ಚಾರ, ಕಿಡಿಗೇಡಿ ಅನ್ನುವಾಗ ಗಂಟಲು ಒಸಿ ಏರಿಸಿದ್ದ ಕೂಡ, ನಾಚಿಕೆಗೆಟ್ಟ ಗಂಟಲು. ಅಕ್ಕ ಮಾರನೇ ದಿನವೇ ತನ್ನ ತೋಟದ ಎಲೆ ಕೊಯ್ದಳು. ನಾಲ್ಕನೇ ಜ್ವರ ಎದ್ದು ಕೊನೇ ಪೊರೆ ಕಳಚಿದ ಹುಳು, ಇನ್ನಾರು ದಿನ ತಿಂದಿದ್ದರೆ ಗೂಡು ಕಟ್ಟುತ್ತಿದ್ದವು, ಎರಡೇ ದಿನಕ್ಕೆ ಹಸಿರು ಕಕ್ಕಿ ಮೆತ್ತಗಾದವು, ತಟ್ಟೆ ತಟ್ಟೆಯೂ ಲೋಳೆ, ಹಿತ್ತಲಲ್ಲಿ ಗುಂಡಿ ತೆಗೆದು ಮಂಕರಿಯಲ್ಲಿ ಸುರಿದಳು, ಆ ನಾತ, ಅಯ್ಯಪ್ಪ, ಇವತ್ತಿಗೂ ಮುದ್ದೆ ಮುರಿಯುವಾಗ ಮೂಗಿಗೆ ಬರುತ್ತದೆ. ಸಿದ್ದಯ್ಯ ಹೋಗಿ ಗುದ್ದಲಿ ಹಿಡಿಯಲು ಕೈ ಚಾಚಿದ, ಅವಳು ಕೊಡಲಿಲ್ಲ, ಬಯ್ಯಲೂ ಇಲ್ಲ, ಬಯ್ದಿದ್ದರೆ ಚೆನ್ನಾಗಿತ್ತು, ಅವತ್ತಿನಿಂದ ಅವನ ಆಟೋ ಶಬ್ದ ಕೇಳಿದರೆ ಎದ್ದು ಒಳಗೆ ಹೋಗುತ್ತಾಳೆ — ಮತ್ತೆ ಆ ಹೆಬ್ಬೆರಳು, ಬೇಡ, ಅದು ಬೇಡ, ಈಗ ಬೇಡ. ಹಾಳೆ ಸಿಕ್ಕರೆ ಸಾಕು, ಅಕ್ಕನ ಜಗಲಿಯ ಮೇಲೆ ಇಟ್ಟು, ನೋಡಕ್ಕ, ಇದನ್ನ ಬರ್ದೋರು ಅವ್ರು, ನಾನಲ್ಲ, ಅನ್ನಬೇಕು, ಅಷ್ಟೇ, ಬೇರೇನೂ ಬೇಡ ಅವನಿಗೆ.

ಯಾರ್ರೀ ಅದು ಸಿದ್ದಯ್ಯ, ಬನ್ನಿ. ಹೋದ, ನಿಂತ, ಕುರ್ಚಿ ತೋರಿಸಲಿಲ್ಲ, ಬಿಸ್ಕತ್ತಿನ ತುಣುಕು ಮೀಸೆಯಲ್ಲೇ ಇದೆ, ಒರೆಸಿಕೊಳ್ಳಬಾರದೇ ಈ ಮನುಷ್ಯ, ಹೇಸಿಗೆ. ಅಲ್ರೀ, ನೀವೇ ಮೈಕಲ್ಲಿ ಓದಿದ್ದೀರಿ ಅಂತ ಅರ್ಜೀಲಿ ಬರೆದಿದ್ದೀರಿ, ಓದಿದವರಿಗೆ ಮತ್ತೆ ಯಾಕ್ರೀ ಹಾಳೆ? ಓದಿದ್ದು ಹಾಳೆ ನಡುವಿನ ಗೆರೆ ಮ್ಯಾಗ್ಲುದ್ದು ಸ್ವಾಮಿ, ನಂಗೆ ಬೇಕಾಗಿರಾದು ಗೆರೆ ಕೆಳಗ್ಲುದ್ದು. ಕೆಳಗೇನಿತ್ತು? ಸಾಹೇಬರ ದನಿ ಮೆತ್ತಗಾಯಿತು, ಸಿದ್ದಯ್ಯನಿಗೆ ಒಮ್ಮೆಲೇ ಹುರುಪು, ಇಪ್ಪತ್ತು ವರ್ಷದ ಅಭ್ಯಾಸ, ಒಂದು ಸಲ ಕಣ್ಣಾಡಿಸಿದ್ದು ಮರೆಯುವವನಲ್ಲ, ಎದೆಯುಬ್ಬಿಸಿ ಒಪ್ಪಿಸಿದ, ಪ್ರಚಾರಕರ ಗಮನಕ್ಕೆ ಮಾತ್ರ, ಎಲೆ ಪರೀಕ್ಷೆಯ ವರದಿ ಇನ್ನೂ ಬಂದಿರುವುದಿಲ್ಲ, ಯಾರಾದರೂ ಕೇಳಿದಲ್ಲಿ ಬಂದಿದೆ ಎಂದು ತಿಳಿಸತಕ್ಕದ್ದು, ಒಂದಕ್ಷರ ತಪ್ಪಲಿಲ್ಲ. ಸಾಹೇಬರು ಕುರ್ಚಿಗೆ ಒರಗಿ ನಕ್ಕರು, ಓಹೋ, ಅಂದ್ರೆ ಗೊತ್ತಿತ್ತು, ಗೊತ್ತಿದ್ದೂ ಕೂಗಿದ್ರಿ, ಹಂಗಂತ ಬರೆದುಕೊಡ್ತೀರಾ? ಹೋಗ್ರಿ, ಹೋಗಿ ಸುಮ್ನೆ ಆಟೋ ಓಡಿಸಿಕೊಂಡಿರಿ.

ಮೆಟ್ಟಿಲು ಇಳಿದನೋ ಇಲ್ಲವೋ, ಬಸ್‌ಸ್ಟ್ಯಾಂಡು ಯಾವ ಕಡೆ, ಗೊತ್ತಿತ್ತು, ಹೌದು ಗೊತ್ತಿತ್ತು, ಬೆಳಿಗ್ಗೆ ಆಟೋದಲ್ಲಿ ಕೂತು ಓದಿಕೊಂಡಿದ್ದ, ಗೆರೆಯ ಹತ್ತಿರ ಉಗುರಲ್ಲಿ ತೀಡಿ ಹಾಳೆ ಮಡಿಚಿದ್ದ, ಯಾರು ಕೇಳುತ್ತಾರೆ ಅಂತ, ಯಾರೂ ಕೇಳಲೂ ಇಲ್ಲ, ಹದಿಮೂರು ಊರಲ್ಲಿ ಒಬ್ಬರೂ ಕೇಳಲಿಲ್ಲ, ಹದಿನಾಲ್ಕನೆಯದು ಅವನ ಊರು, ಅವನ ಬೀದಿ, ಅಕ್ಕ ತೋಟದಿಂದ ಓಡಿ ಬಂದು ಆಟೋಗೆ ಅಡ್ಡ ನಿಂತಳು, ಕೈಯಲ್ಲೊಂದು ಎಲೆ, ಅದನ್ನು ಹೆಬ್ಬೆರಳಲ್ಲಿ ಒಂದು ಸಲ ಉಜ್ಜಿ ಬೆರಳನ್ನ ಅವನ ಮುಖದ ಹತ್ತಿರ ಹಿಡಿದಳು, ಕರ್ರಗೆ, ಬಾಣಲೆಯ ತಳ ಮುಟ್ಟಿದ ಹಾಗೆ ಕರ್ರಗೆ, ಮತ್ತೆ ಇದೇನ್ಲಾ ಸಿದ್ದ? ಮೈಕು ಆರಿಸಿರಲಿಲ್ಲ, ಊರಿಗೆಲ್ಲ ಕೇಳಿಸಿತು ಅವನು ಅಂದದ್ದು, ಬರೀ ದೂಳು ಕಣಕ್ಕ, ವರದಿ ಬಂದೈತೆ. ಹೆಬ್ಬೆರಳು ಅಲ್ಲೇ ಇತ್ತು, ಅವನ ಮೂಗಿನ ನೇರಕ್ಕೆ, ಆಮೇಲೆ ಅವಳು ನಕ್ಕು, ಸರಿ ಬುಡು, ನೀನಂದ್ ಮ್ಯಾಕೆ ಇನ್ನೇನು, ಅಂತ ಆ ಕಪ್ಪು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಒರೆಸಿಕೊಂಡಳು, ಸೆರಗಿನ ಮೇಲೆ ಉದ್ದಕ್ಕೆ ಮಸಿ, ಹೆಬ್ಬೆರಳಿನಷ್ಟು ಅಗಲ —