ಹತ್ತನೆಯ ಕೋಟು

ಕೆಂಪಗೆ ಏನೋ ಮಿನುಗಿತು, ಎರಡು ಬೆಂಚು ಮುಂದೆ, ಹಳದಿ ಕಾಲರಿನ ಮಡಿಕೆಯಲ್ಲಿ, ಚರ್ಚಿನ ಕಿಟಕಿಗಾಜಿನ ಬಿಸಿಲಿರಬೇಕು, ಅಲ್ಲ, ಬಿಸಿಲು ಹೀಗೆ ಒಂದೇ ಕಡೆ ಕೂತಿರುವುದಿಲ್ಲ — ಅಯ್ಯೋ, ಗುಂಡುಸೂಜಿ, ಕೆಂಪು ಗಾಜಿನ ತಲೆಯದು, ತನ್ನದೇ, ಆ ಹಳದಿ ಕೋಟೂ ತಾನೇ ಹೊಲಿದದ್ದು, ಹನ್ನೊಂದು ಸಂಜೆ ಕೂತು, ಡಿಗ್ರಿ ಮುಗಿದ ಮೇಲಿನ ಮೊದಲ ಸಂದರ್ಶನಕ್ಕೆ ತಾನೇ ಹಾಕಿಕೊಳ್ಳಬೇಕೆಂದು. ಪಾದ್ರಿಗಳು ದಶಮಾಂಶದ ಬಗ್ಗೆ ಹೇಳುತ್ತಿದ್ದಾರೆ, ಹತ್ತರಲ್ಲೊಂದು ದೇವರದು, ಆದರೆ ಅವಳಿಗದು ಪಕ್ಕದಲ್ಲಿ ಕಣ್ಮುಚ್ಚಿ ಕೂತ ಅಜ್ಜಿಯ ದನಿಯಲ್ಲೇ ಕೇಳುತ್ತದೆ, ಹೊಲಿಗೆ ಯಂತ್ರ ತುಳಿಯುತ್ತ, ಮುದುಡಿಕೊಳ್ಳುವ ಮೊಮ್ಮಗಳನ್ನು ಬಸವನಹುಳು ಎಂದೇ ಕರೆದು ಕೇಳುವ ದನಿ, ಬಸವನಹುಳು, ಇದು ಎಷ್ಟನೇದೇ? ಒಂಬತ್ತು ಮುಗೀತಜ್ಜಿ. ಹಾಗಾದ್ರೆ ಮುಂದಿಂದು ಬುಟ್ಟಿಗೆ. ಅಜ್ಜಿಯ ಅಂಗಡಿಯಲ್ಲಿ ಗಿರಾಕಿಗಳಿಗೆ ಒಂಬತ್ತು ಹೊಲಿದರೆ ಹತ್ತನೆಯದು ಚರ್ಚಿನ ಬಾಗಿಲ ಬಳಿಯ ಬುಟ್ಟಿಗೆ, ಬೇಕಾದವರು ಒಯ್ಯಲಿ, ಕೊಟ್ಟವರ ಮುಖ ಅವರಿಗೆ ಕಾಣಬಾರದು. ಅವತ್ತು ಯಂತ್ರದ ಮೇಲಿದ್ದದ್ದು ಈ ಕೋಟು, ಅವಳು ಮೆಲ್ಲಗೆ ಒಂದು ದಿಂಬಿನ ಚೀಲ ಹೊಲಿದು ಮುಂದಿಟ್ಟಳು, ಇದೇ ಹತ್ತನೇದು ಅಜ್ಜಿ, ಅಜ್ಜಿ ಕನ್ನಡಕ ಹಣೆಗೇರಿಸಿ, ಓಹೋ, ದೇವರೇನು ದಿಂಬಿನ ಚೀಲ ಹಾಕ್ಕೊಂಡು ಬೀದೀಲಿ ಓಡಾಡ್ತಾನೇನೇ? ನಕ್ಕರು ಇಬ್ಬರೂ, ಪಕ್ಕೆ ನೋಯುವಷ್ಟು, ನಗುತ್ತಲೇ ಅವಳು ಕೋಟು ಮಡಚಿ ಬುಟ್ಟಿಗೆ ತುರುಕಿ ಬಂದಳು, ಮನಸ್ಸು ಬದಲಾಗುವ ಮೊದಲೇ, ಓಡೋಡಿ, ಆ ಅವಸರದಲ್ಲೇ ಸೂಜಿ ಉಳಿದುಹೋಗಿದೆ.

ಸಂದರ್ಶನಕ್ಕೆ ಅಕ್ಕನ ಬೂದು ಕೋಟಿನಲ್ಲೇ ಹೋಗಿಬಂದದ್ದಾಯಿತು, ಇರಲಿ, ಈಗ ಹಳದಿ ಕೋಟಿನೊಳಗಿರುವುದು ಆಸ್ಪತ್ರೆಯ ಮೆಟ್ಟಿಲು ಒರೆಸುವ ಹೆಂಗಸು, ಯಾವಾಗಲೂ ನೀಲಿ ಏಪ್ರನ್ನಿನಲ್ಲಿ ಬಗ್ಗಿಯೇ ಕಾಣುವ ಆಕೆ ಇವತ್ತು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ, ತೋಳು ಒಂದು ಬೆರಳು ಗಿಡ್ಡ, ಆದರೆ ಹೆಗಲು! ಅಳತೆ ತೆಗೆದು ಹೊಲಿದ ಹಾಗೆ, ತನ್ನ ಸಣಕಲು ಭುಜಕ್ಕೆ ಇದು ಹೀಗೆ ಕೂರುತ್ತಲೇ ಇರಲಿಲ್ಲ, ಏನು ಚೆಂದ, ಎದ್ದು ಕುಣಿಯಬೇಕು ಅನ್ನಿಸುವಷ್ಟು ಚೆಂದ — ಆಕೆ ಕತ್ತು ಹೊರಳಿಸಿದಳು, ಸೂಜಿಯೂ ಹೊರಳಿತು, ಕೆಂಪು. ಇನ್ನೈದು ನಿಮಿಷಕ್ಕೆ ಪ್ರಾರ್ಥನೆ ಮುಗಿಯುತ್ತದೆ, ಹೆಂಗಸರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ, ಯಾರದಾದರೂ ಕೆನ್ನೆ, ಇಲ್ಲ ಆಕೆಯದೇ ಕುತ್ತಿಗೆ, ಸೂಜಿ ಚುಚ್ಚಿಬಿಟ್ಟರೆ, ಹೇಳಬೇಕು, ಹೇಳಿದರೆ ಹೊಲಿದವಳು ಯಾರೆಂದು ಗೊತ್ತಾಗಿಬಿಡುತ್ತದೆ, ಅಲ್ಲದೆ ಹೇಳುವುದಾದರೂ ಹೇಗೆ, ಅಂಗಡಿಯಲ್ಲಿ ದಾರದುಂಡೆ ಕೇಳುವುದಕ್ಕೂ ಚೀಟಿ ಬರೆದುಕೊಂಡು ಹೋಗುವವಳು ತಾನು, ಕೊಡುವುದೇ ಸುಲಭವಾಗಿತ್ತು, ಬುಟ್ಟಿಗೆ ಹಾಕಿ ಓಡಿಬಂದರಾಯಿತು, ಎದ್ದಳು, ಎದ್ದೇಬಿಟ್ಟಳು, ಪ್ರವಚನದ ನಡುವೆ, ಬೆಂಚು ಕಿರ್ರೆಂದಿತು, ಇಡೀ ಸಭೆಯ ಕಣ್ಣು ಬೆನ್ನ ಮೇಲೆ, ಪಾದ್ರಿಗಳೂ ಒಂದು ಕ್ಷಣ ನಿಲ್ಲಿಸಿದರೇನೋ, ಒಂದು ಬೆಂಚು, ಎರಡು ಬೆಂಚು, ಆಕೆಯ ಪಕ್ಕದ ಖಾಲಿ ಜಾಗದಲ್ಲಿ ದೊಪ್ಪೆಂದು ಕೂತು, ಅಕ್ಕಾ, ಒಂಚೂರು ಅಲ್ಲಾಡಬೇಡಿ. ಯಾಕಮ್ಮಾ, ಹುಳಾನಾ? ಅಲ್ಲಕ್ಕಾ, ಸೂಜಿ, ಕಾಲರ್‌ನಲ್ಲಿ. ಅಯ್ಯೋ ಅದಾ, ಅದು ಕೋಟಿನ ಜೊತೆ ಬಂದಿರೋ ಅಲಂಕಾರ ಅಂದ್ಕೊಂಡಿದ್ದೆ ಕಣಮ್ಮಾ, ಬೆಳಿಗ್ಗೆ ಉಜ್ಜಿ ಬೇರೆ ಹೊಳಪು ಬರಿಸಿದ್ದೀನಿ! ಗಂಟಲೊಳಗಿನಿಂದ ನಗು ಉಬ್ಬಿಬರುತ್ತದೆ, ತಡೆಯಬೇಕು, ತಡೆದಷ್ಟೂ ಭುಜ ಕುಲುಕುತ್ತದೆ, ಆಕೆಯದೂ ಕುಲುಕುತ್ತಿದೆ, ಹಿಂದಿನಿಂದ ಅಜ್ಜಿಯ ಕೆಮ್ಮು, ಬೇಕೆಂದೇ ಕೆಮ್ಮಿದ್ದು. ನಿನಗೆ ಅಷ್ಟು ದೂರದಿಂದ ಹೆಂಗಮ್ಮಾ ಕಾಣಿಸ್ತು? ಆಕೆ ಅವಳ ಎಡಗೈ ಹಿಡಿದು ಮೇಲೆ ತಿರುಗಿಸುತ್ತಾಳೆ, ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ನೂರು ಚುಕ್ಕೆ, ನೋಡುತ್ತಾಳೆ, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚುತ್ತಾಳೆ. ತೆಗೀಬೇಡಮ್ಮಾ, ಮೊನೆ ಚುಚ್ಚದ ಹಾಗೆ ಅಲ್ಲೇ ಸಿಗಿಸಿಬಿಡು, ನಂಗಿಷ್ಟ. ಅವಳು ಸಿಗಿಸುತ್ತಾಳೆ, ಎರಡು ಪದರ ಅರಿವೆಯೊಳಗೆ ಮೊನೆ ಅಡಗಿಸಿ, ಎಲ್ಲರೂ ಹಾಡಲು ಎದ್ದಿದ್ದಾರೆ, ಆಕೆಯೂ ಏಳುತ್ತಾಳೆ, ಕೋಟು ಏಳುತ್ತದೆ, ಹಳದಿ, ಹಳದಿಯ ಮೇಲೆ ಒಂದು ಕೆಂಪು, ಹನಿಯಷ್ಟು, ಕೆಂಪು