ಹನ್ನೊಂದನೇ ಹೋಳಿನ ಚುಕ್ಕೆ

ಮಂಜು ಇವತ್ತೂ ಕಿಟಕಿಗೆ ಅಂಟಿಕೊಂಡಿದೆ, ಹಗಲು ಹನ್ನೆರಡಾದರೂ ಜೂರಾ ಬೆಟ್ಟದ ಸುಳಿವಿಲ್ಲ, ಯಾರೋ ಪುಣ್ಯಾತ್ಮರು ಕಾಫಿ ಯಂತ್ರದ ಮೇಲೆ ಗೆಕ್ಸ್ ಊರಿನ ನೀಲಿ ಚೀಸ್ ಬಿಚ್ಚಿಟ್ಟು ಹೋಗಿದ್ದಾರೆ, ಆ ವಾಸನೆ ಮೂಗಿಗೆ ಬಿದ್ದರೆ ಸಾಕು ಆನ್ಸೆಲ್ಮ್, ಆಗ ಇಲ್ಲಿದ್ದ ಮೆಕ್ಯಾನಿಕ್, ಅವನ ಎಣ್ಣೆಗೈ, ಅದೇ ಕೈಯಲ್ಲಿ ಚೀಸ್ ಕತ್ತರಿಸಿ ತಗೋ ಪೋಲೆಂಡ್ ರಾಣಿ ತಿನ್ನು, ಒಣಗಿ ಕಡ್ಡಿಯಾಗಿದೀಯ ಎನ್ನುತ್ತಿದ್ದುದು, ಎಂಟು ವರ್ಷವಾಯಿತು, ಇನ್ನೂ — ಬೇಡ, ಪರದೆ ನೋಡು ಬೊಗ್ನಾ, ಪಾಳಿ ನಿನ್ನದು. ಕೆಳಗೆ, ಕಣಗಳ ಜಾಡು ಹಿಡಿಯುವ ಡಿಟೆಕ್ಟರ್ ಕೂತಿರುವ ಬಾವಿಯಲ್ಲಿ, ಸೀಸಕ್ಕೆ ಸೀಸ ಡಿಕ್ಕಿ ಹೊಡೆಯುತ್ತಿದೆ, ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ನಮ್ಮ ಪಾಲಿಗೆ ಬರುವ ಸೀಸ, ಒಂದೊಂದು ಡಿಕ್ಕಿಗೂ ಪ್ರೋಟಾನು ನ್ಯೂಟ್ರಾನುಗಳು ಕರಗಿ ಕ್ವಾರ್ಕು ಗ್ಲುವಾನುಗಳ ಕುದಿಗಂಜಿ, ಕಣ್ಣು ಮಿಟುಕಿಸುವ ಮೊದಲೇ ಆರಿಹೋಗುವ ಗಂಜಿ, ಅದರಿಂದ ಹೊರಟವರೆಲ್ಲ ದಾರಿಯಲ್ಲಿ ಬೇರೆಯವರಾಗಿಬಿಡುತ್ತಾರೆ, ಬೆಳಕಿನ ಕಣ ಫೋಟಾನ್ ಮಾತ್ರ ಯಾರ ಗೊಡವೆಗೂ ಹೋಗದೆ ನೆಟ್ಟಗೆ ಬಂದು ಒಳಗೆ ಎಷ್ಟು ಕಾದಿತ್ತು ಎಂದು ಹೇಳುತ್ತದೆ, ಆದರೆ ಗಂಜಿ ಆರಿದ ಮೇಲೆ ಹುಟ್ಟುವ ಬೆಳಕೇ ನೂರಕ್ಕೆ ತೊಂಬತ್ತು, ಅದನ್ನು ಕಳೆದು ಉಳಿದ ಹಿಡಿಯಷ್ಟನ್ನು ಹುಡುಕುವುದರಲ್ಲಿ ನನ್ನ ತಲೆ ನರೆಯಿತು.

ಕಿತ್ತಳೆಯಂತೆ ಹೋಳುಹೋಳಾಗಿರುವ ಡಿಟೆಕ್ಟರಿನ ಹನ್ನೊಂದನೇ ಹೋಳಿನಲ್ಲಿ ಬೆಳಕು ಹೆಚ್ಚು ಕಂಡಾಗ ಮೂರು ವಾರ ಕುಣಿದೆ, ಕೊನೆಗೂ ಸಿಕ್ಕಿತು ಎಂದುಕೊಂಡೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫೋಟಾನು ಲೋಹಕ್ಕೆ ಬಡಿದರೆ ಒಡೆದು ಎರಡಾಗುತ್ತದೆ, ಎಂಟು ವರ್ಷದಲ್ಲಿ ಒಡೆದ ಜಾಗಗಳಿಗೆಲ್ಲ ಚುಕ್ಕೆ ಇಟ್ಟರೆ ಡಿಟೆಕ್ಟರಿನ ಎಕ್ಸ್-ರೇ ಸಿಗುತ್ತದೆ, ಕೊಳವೆ, ಕಂಬಿ, ತಂತಿ, ಎಲ್ಲವೂ ನಕ್ಷೆಯಲ್ಲಿದ್ದಂತೆಯೇ, ಹನ್ನೊಂದನೇ ಹೋಳಿನಲ್ಲಿ ಮಾತ್ರ ನಕ್ಷೆಯಲ್ಲಿಲ್ಲದ ಒಂದು ಚುಕ್ಕೆ, ಸಣ್ಣದು, ಹೊಳೆಯುತ್ತದೆ, ಅಲ್ಲಿ ಬೇಡದ ಲೋಹ ಕೂತು ಬೆಳಕನ್ನು ಒಡೆಯುತ್ತಿದೆ. ಪಕ್ಕದ ಕುರ್ಚಿಯ ವೆಂಡೆಲಿನ್ ಪ್ರೆಟ್ಜೆಲ್ ಕಡಿಯುತ್ತಾ ಬಗ್ಗಿ ನೋಡುತ್ತಾನೆ, ಏನಮ್ಮಾ ಇದು, ಮೊಡವೆ ಎದ್ದಂಗಿದೆ, ಯಾವನೋ ನಟ್ಟು ಬಿಟ್ಬಂದಿರ್ಬೇಕು, ಲೆಕ್ಕದಿಂದ ಆ ಹೋಳ್ನೇ ಕತ್ತರಿಸಿ ಬಿಸಾಕು, ಯಾರ್ ಕೇಳ್ತಾರೆ. ನಟ್ಟಂತೆ. ನಟ್ಟೇ ಹೌದು, ಹಿತ್ತಾಳೆಯದು, ಆನ್ಸೆಲ್ಮ್ ಅದನ್ನು ಲೇತಿಗೆ ಹಾಕಿ, ಊಟದ ಬಿಡುವಿನಲ್ಲಿ, ನನ್ನ ಬೆರಳಿನಳತೆಗೆ ಕಡೆದು ಉಂಗುರ ಮಾಡಿದ್ದ.

ಮದುವೆಯಾಗು ಎಂದು ನಾಲ್ಕು ನವೆಂಬರ್ ಕೇಳಿದ. ಸೀಸ ಬಂದು ಹೋಗ್ಲಿ ಕಣೋ, ಆಮೇಲೆ ಹೇಳ್ತೀನಿ, ದತ್ತಾಂಶ ಸಾಲ್ದು, ಎಂದು ನಾನು, ಅವನು ಮೊದಮೊದಲು ನಗುತ್ತಿದ್ದ, ಪ್ರೀತಿಗೂ ದತ್ತಾಂಶ ಸಾಲ್ದಾ ಮಾರಾಯ್ತಿ, ನಾಲ್ಕನೇ ಸಲ ನಗಲಿಲ್ಲ, ಮಾರನೆಯ ದಿನವೇ ಡಿಟೆಕ್ಟರ್ ಮುಚ್ಚುವ ದಿನ. ಬಾಗಿಲ ಕಾವಲಿಗೆ ನಾನೇ. ಒಳಗೆ ಹೋಗುವವರ ಗಡಿಯಾರ, ಬೀಗದ ಕೈ, ಉಂಗುರ ಎಲ್ಲ ನನ್ನ ತಟ್ಟೆಗೆ ಬೀಳಬೇಕು, ಸ್ಪ್ಯಾನರಿಗೂ ಮಣಿಕಟ್ಟಿಗೂ ದಾರ, ಹೋದದ್ದೆಲ್ಲ ವಾಪಸು ಬಂತೇ ಎಂದು ನೋಡಿ ರುಜು ಹಾಕಬೇಕು. ಅವನ ಕಿರುಬೆರಳಿನಲ್ಲಿ ಅದು ಇತ್ತು. ನೋಡಿದೆ. ಉಂಗುರ ತೆಗಿ ಎನ್ನಬೇಕಿತ್ತು, ಆ ಮಾತು ಬಾಯಿಗೆ ಬಂದರೆ ಉತ್ತರವೂ ಬಂದುಬಿಡುತ್ತದೆಂದು ಹೆದರಿ ತಟ್ಟೆಯನ್ನೇ ನೋಡುತ್ತ ಕೂತೆ, ಗಂಟೆ ಕಳೆದು ಬಂದ, ಬೆರಳು ಬೋಳು, ಜೇಬಿನಲ್ಲಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಬರೆದೆ, ಒಳಗೆ ಏನೂ ಉಳಿದಿಲ್ಲ, ರುಜು. ಅವನು ಕೈ ಒರೆಸಿಕೊಳ್ಳುತ್ತ, ದತ್ತಾಂಶ ಸಾಕಷ್ಟು ಬಂದ್ಮೇಲೆ ನಿಂಗೇ ಗೊತ್ತಾಗುತ್ತೆ ಬಿಡು. ನಾನು ಚುಚ್ಚುಮಾತು ಎಂದುಕೊಂಡೆ. ವಸಂತದಲ್ಲಿ ಬ್ರೆಸ್ಟಿನ ಹಡಗುಕಟ್ಟೆಗೆ ಕೆಲಸಕ್ಕೆ ಹೋದ, ಆಮೇಲೆ ಮಗಳು ಹುಟ್ಟಿದಳೆಂದು ಒಂದು ಕಾರ್ಡು, ಹಿಂದೆ ಸಮುದ್ರದ ಚಿತ್ರ, ಅವನ ಕೈಬರಹದಲ್ಲಿ ನನ್ನ ಹೆಸರು, ಅಷ್ಟೆ.

ಕತ್ತರಿಸಿದ್ಯಾ, ವೆಂಡೆಲಿನ್ ಕೇಳುತ್ತಾನೆ. ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ, ರುಜು ಸುಳ್ಳಾಗುವುದಿಲ್ಲ, ಅದು ಅಲ್ಲೇ ಕತ್ತಲಲ್ಲಿ ಇದ್ದುಬಿಡುತ್ತದೆ, ವರದಿ ಬರೆದರೆ ಇನ್ನು ನನ್ನನ್ನು ಯಾವ ಬಾಗಿಲಿಗೂ ನಿಲ್ಲಿಸುವುದಿಲ್ಲ, ಜನವರಿಯಲ್ಲಿ ಬಿಚ್ಚಿ ಚಿಮುಟದಲ್ಲಿ ಹಿಡಿದು ತೆಗೆಯುತ್ತಾರೆ — ತೆಗೆದು ಯಾರಿಗೆ ಕೊಡುತ್ತಾರೆ. ನೀನು ಬೇಕಾಗಿತ್ತು ಆನ್ಸೆಲ್ಮ್, ಮೊದಲನೇ ನವೆಂಬರಿನಲ್ಲೇ ಬೇಕಾಗಿತ್ತು, ದತ್ತಾಂಶ ಸಾಕಷ್ಟಿತ್ತು. ಬೆರಳು ತಾನಾಗಿ ಬರೆಯುತ್ತಿದೆ, ವಸ್ತು: ಉಂಗುರ, ಲೋಹ: ಹಿತ್ತಾಳೆ, ಯಾರದು, ಯಾರದು ಎಂಬಲ್ಲಿ ವೆಂಡೆಲಿನ್ ಅಗಿಯುವುದನ್ನು ನಿಲ್ಲಿಸಿದ್ದಾನೆ, ಬೊಗ್ನಾ, ಏನ್ ಬರೀತಿದೀಯಾ, ನನ್ನದು, ನನ್ನದು ಎಂದು ಬರೆದೆ, ಕೆಳಗೆ ಇನ್ನೊಂದು ಡಿಕ್ಕಿ, ಮತ್ತೊಂದು, ಎಲ್ಲಿಂದಲೋ ಬಂದ ಬೆಳಕು ಅದಕ್ಕೇ ಬಡಿದು, ಅಲ್ಲೇ, ಅದೇ ಜಾಗ, ಹನ್ನೊಂದನೇ ಹೋಳು, ಚುಕ್ಕೆ, ಈಗ ನಡುವೆ ತೂತು ಕಾಣುವಷ್ಟು ಸ್ಪಷ್ಟವಾದ ಚುಕ್ಕೆ, ಒಂದು ಬೆರಳು ಹಿಡಿಯುವಷ್ಟು